ಕೊಟ್ಟಿಗೆಯಲ್ಲಿ ವಿದ್ಯುತ್ ಸೋರಿಕೆ: ಮೀಟರಿನ ಅಳತೆಯನ್ನು ಕಂಪ್ಯೂಟರಿನಲ್ಲಿ ದಾಖಲಿಸಿ ಪತ್ತೆ ಹಚ್ಚುವ ಕ್ರಮ



ತಮ್ಮ ಹಸು ಕೊಟ್ಟಿಗೆಯೊಳಗೆ ಬರಲು ಹಿಂಜರಿಯುತ್ತದೆಯೇ? ನೀರಿನ ತೊಟ್ಟಿಗೆ ಬಾಯಿ ಹಾಕಿದ ಕೂಡಲೇ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತದೆಯೇ? ಬಾಯಿಟ್ಟು ಹೀರುವ ಬದಲು ನಾಯಿಯಂತೆ ನಾಲಿಗೆಯಿಂದ ನೆಕ್ಕಿ ನೀರು ಕುಡಿಯುತ್ತದೆಯೇ? ಹಾಲು ಕರೆಯುವಾಗ ಕಾಲು ಬದಲಿಸುತ್ತಾ ನಿಂತು ಸೊರೆ ಬಿಡದೆ ಸತಾಯಿಸುತ್ತದೆಯೇ? ಇವುಗಳಲ್ಲಿ ಎರಡು ಮೂರು ಲಕ್ಷಣಗಳು ಒಟ್ಟಿಗೆ ಕಂಡುಬಂದರೆ, ಅದರಲ್ಲೂ ಒಂದೇ ಹಸುವಲ್ಲದೆ ಕೊಟ್ಟಿಗೆಯ ಎಲ್ಲ ರಾಸುಗಳಲ್ಲೂ ಕಂಡುಬಂದರೆ, ಕೊಟ್ಟಿಗೆಯಲ್ಲಿ ಎಲ್ಲಿಂದಲೋ ವಿದ್ಯುತ್ ಸೋರುತ್ತಿರಬಹುದು.

ಈ ಮಾತನ್ನು ನಾನು ತಿಳಿದವನ ಗತ್ತಿನಿಂದ ಹೇಳುತ್ತಿಲ್ಲ. ತಪ್ಪು ಮಾಡಿ ಕಲಿತದ್ದನ್ನು ಹೇಳುತ್ತಿದ್ದೇನೆ.

ನಾನು ಭೇಟಿ ಕೊಡುವ ಸಂಘವೊಂದರ ಸದಸ್ಯರ ಮನೆಯಲ್ಲಿ ನಾಲ್ಕು ಮಿಶ್ರತಳಿ ಹಸುಗಳಿದ್ದವು. ಸಂಜೆಯ ಹಾಲು ದಿಢೀರನೆ ಇಳಿದಿದೆ ಎಂದು ಕರೆ ಬಂತು. ಹೋಗಿ ನೋಡಿದೆ. ಒಂದು ಹಸುವಿನ ಕೆಚ್ಚಲಿನಲ್ಲಿ ಸುಪ್ತ ಬಾವಿನ ಸುಳಿವಿತ್ತು. ಅದಕ್ಕೆ ಔಷಧ ಬರೆದೆ, ಉಳಿದವಕ್ಕೆ ಖನಿಜ ಮಿಶ್ರಣ ಹೇಳಿದೆ. ಒಂದು ವಾರದಲ್ಲಿ ಹಾಲು ಸರಿಹೋಯಿತು. ನನ್ನ ಚಿಕಿತ್ಸೆ ಫಲಿಸಿತೆಂದು ಸಂತೋಷವಾಯಿತು. ಮರುವಾರ ಮತ್ತೆ ಹಾಲು ಇಳಿಯಿತು, ಮತ್ತೆ ಔಷಧ, ಮತ್ತೆ ಸರಿಹೋಯಿತು. ಹೀಗೆ ಎರಡು ತಿಂಗಳು ನಡೆಯಿತು.

ಹಾಲು ಕರೆಯುತ್ತಿದ್ದವರು ಆ ಮನೆಯ ಹೆಣ್ಣುಮಗಳು. ಒಂದು ದಿನ ಅವರು, "ನನಗೂ ಒಂದೊಂದು ಸಲ ಕಾಲು ಚುಳ್ ಅಂತದೆ ಡಾಕ್ಟ್ರೇ, ನಲ್ಲಿ ಮುಟ್ಟಿದ್ರೆ ಕೈ ಜುಮ್ ಅಂತದೆ" ಎಂದರು. ನನ್ನ ಚೀಲದಲ್ಲಿದ್ದ ಮಲ್ಟಿಮೀಟರನ್ನು ತೆಗೆದು ತೊಟ್ಟಿಯ ಕೊಳಾಯಿಗೂ ನೆಲಕ್ಕೂ ಹಿಡಿದೆ. 0.1 ವೋಲ್ಟ್ ತೋರಿಸಿತು. "ಏನೂ ಇಲ್ಲಮ್ಮ" ಎಂದುಬಿಟ್ಟೆ. "ನೀವು ಬಂದಾಗ ಇರಾಕಿಲ್ಲ ಡಾಕ್ಟ್ರೇ" ಎಂದು ಆಕೆ ಹೇಳಿದ್ದು ನಿಜವಾಗಿತ್ತು. ನಾನು ಹೋಗುತ್ತಿದ್ದುದು ಬೆಳಗಿನ ಹೊತ್ತು.

ಸಂಘದ ಚೀಟಿಯಲ್ಲಿದ್ದ ಸುಳಿವು

ಆಮೇಲೆ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಅವರ ಹಾಲಿನ ಚೀಟಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿದ್ದು. ಕೆಟ್ಟ ವಾರಗಳಲ್ಲಿ ಬೆಳಿಗ್ಗೆ 22 ಲೀಟರ್ ಇದ್ದರೆ ಸಂಜೆ 13 ಲೀಟರ್. ಸಂಜೆಯ ಹಾಲು ಬೆಳಗಿನದಕ್ಕಿಂತ ಸ್ವಲ್ಪ ಕಡಿಮೆ ಇರುವುದು ಸಹಜ, ಆದರೆ ಇಷ್ಟು ಅಂತರ ಸಹಜವಲ್ಲ. ಅದಕ್ಕಿಂತ ಮುಖ್ಯವಾದದ್ದು ಜಿಡ್ಡಿನ ಅಂಶ. ಬೆಳಗಿನ ಹಾಲಿಗಿಂತ ಸಂಜೆಯ ಹಾಲಿನಲ್ಲಿ ಫ್ಯಾಟ್ ಹೆಚ್ಚಿರುವುದು ವಾಡಿಕೆ. ಇಲ್ಲಿ ಸಂಜೆ 3.2, ಬೆಳಿಗ್ಗೆ 4.3 ಇತ್ತು. ಕೆಚ್ಚಲಿನಿಂದ ಕೊನೆಗೆ ಇಳಿಯುವ ಹಾಲಿನಲ್ಲಿಯೇ ಜಿಡ್ಡು ಹೆಚ್ಚು ಎಂಬುದು ತಮಗೆಲ್ಲ ತಿಳಿದಿದೆ. ಆ ಕೊನೆಯ ಹಾಲು ಸಂಜೆ ಇಳಿಯದೆ ಕೆಚ್ಚಲಿನಲ್ಲೇ ಉಳಿದು ಮರುದಿನ ಬೆಳಿಗ್ಗೆ ಬರುತ್ತಿತ್ತು.

ಹಸು ಸೊರೆ ಬಿಡಲು ಆಕ್ಸಿಟೋಸಿನ್ ಎಂಬ ರಸದೂತ ರಕ್ತದಲ್ಲಿ ಹರಿಯಬೇಕು. ಅದರ ಪ್ರಭಾವ ಸುಮಾರು 5ರಿಂದ 7 ನಿಮಿಷ. ಹಸು ಬೆದರಿದರೆ ಅಡ್ರಿನಲಿನ್ ಉಕ್ಕಿ ಅದರ ಕೆಲಸವನ್ನು ತಡೆಯುತ್ತದೆ. ಸಂಜೆ ಏನೋ ಒಂದು ಹಸುಗಳನ್ನು ಬೆದರಿಸುತ್ತಿತ್ತು, ಬೆಳಿಗ್ಗೆ ಅದು ಇರುತ್ತಿರಲಿಲ್ಲ. ಹಾಲು ಪೂರ್ತಿ ಇಳಿಯದೆ ಉಳಿಯುವುದು ಕೆಚ್ಚಲು ಬಾವಿಗೂ ದಾರಿ. ನಾನು ಕಂಡ ಬಾವು ಮೂಲ ಕಾರಣವಾಗಿರದೆ ಅದರ ಫಲವೇ ಆಗಿದ್ದಿರಬಹುದು.

ಈ ಚೀಟಿಗಳನ್ನು ಸಂಘದಲ್ಲಿ ನೋಡುತ್ತಿದ್ದಾಗ ಕಂಪ್ಯೂಟರ್ ದುರಸ್ತಿಗೆ ಬಂದಿದ್ದ ಹುಡುಗನೊಬ್ಬ ಅಲ್ಲಿದ್ದ. ನನ್ನ ಮೀಟರನ್ನು ತಿರುಗಿಸಿ ನೋಡಿ, "ಸರ್, ಇದಕ್ಕೂ ಸೀರಿಯಲ್ ಪೋರ್ಟ್ ಇದೆಯಲ್ಲ, ತಕ್ಕಡಿಗೆ ಇರುವ ಹಾಗೆ. ರಾತ್ರಿಯೆಲ್ಲ ಕಂಪ್ಯೂಟರಿಗೆ ಹಚ್ಚಿ ಬಿಡಬಹುದು" ಎಂದ. ತಾವು ಸಂಘದಲ್ಲಿ ನೋಡಿರುತ್ತೀರಿ. ತೂಕದ ಯಂತ್ರದಿಂದಲೂ ಹಾಲು ಪರೀಕ್ಷಾ ಯಂತ್ರದಿಂದಲೂ ಒಂದೊಂದು ಕೇಬಲ್ ಕಂಪ್ಯೂಟರಿಗೆ ಹೋಗಿರುತ್ತದೆ. ತೂಕವನ್ನು ಯಾರೂ ಕೈಯಿಂದ ಬರೆಯದಿದ್ದರೂ ಚೀಟಿಯಲ್ಲಿ ಅಚ್ಚಾಗಿ ಬರುವುದು ಆ ಕೇಬಲ್‌ನಿಂದಲೇ. ಮೀಟರಿನ ವೋಲ್ಟ್ ಕೂಡ ಅದೇ ರೀತಿ ಬರಬಲ್ಲದು ಎಂಬುದು ನನಗೆ ಹೊಳೆದಿರಲಿಲ್ಲ.

ಹಸುವಿಗೆ ಎಷ್ಟು ವೋಲ್ಟ್ ತೊಂದರೆ?

ಒಣಗಿದ ಕೈ, ಕಾಲಿಗೆ ಚಪ್ಪಲಿ ಇದ್ದ ಮನುಷ್ಯನಿಗೆ 5 ವೋಲ್ಟ್ ತಿಳಿಯುವುದೇ ಇಲ್ಲ. ಹಸುವಿನ ಸ್ಥಿತಿ ಬೇರೆ. ಗಂಜಳದಲ್ಲಿ ನೆನೆದ ನೆಲದ ಮೇಲೆ ನಾಲ್ಕು ಬರಿಗಾಲು, ಒದ್ದೆಯಾದ ಮೂತಿ. ಬಾಯಿಯಿಂದ ಗೊರಸಿನವರೆಗೆ ಹಸುವಿನ ದೇಹದ ರೋಧವನ್ನು ಲೆಕ್ಕಕ್ಕಾಗಿ 500 ಓಮ್ ಎಂದು ಹಿಡಿಯುತ್ತಾರೆ. ಈ ವಿಷಯದಲ್ಲಿ ಅಮೆರಿಕದ ಕೃಷಿ ಇಲಾಖೆ 1991ರಲ್ಲಿ ಒಂದು ಕೈಪಿಡಿಯನ್ನೇ ಹೊರತಂದಿತು. ಅಲ್ಲಿನ ವಿಸ್ಕಾನ್ಸಿನ್ ರಾಜ್ಯದಲ್ಲಿ ಹಸುವಿನ ಮೂಲಕ 2 ಮಿಲಿ ಆಂಪಿಯರ್, ಅಂದರೆ 500 ಓಮ್ ರೋಧದ ಮೇಲೆ 1 ವೋಲ್ಟ್, ಕ್ರಮ ಕೈಗೊಳ್ಳಬೇಕಾದ ಮಟ್ಟವೆಂದು ಇಟ್ಟುಕೊಂಡಿದ್ದಾರೆ. ಅರ್ಧ ವೋಲ್ಟಿಗಿಂತ ಕಡಿಮೆ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಅಳೆಯುವ ಕ್ರಮ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿರಿ. ಒಣ ರಬ್ಬರ್ ಚಪ್ಪಲಿ ಅಥವಾ ಬೂಟು ಹಾಕಿಕೊಳ್ಳದೆ ಅಳತೆಗೆ ಇಳಿಯಬೇಡಿರಿ. ಮೀಟರನ್ನು ಎ.ಸಿ. ವೋಲ್ಟ್‌ಗೆ ಇಟ್ಟು, ಮೊದಲು ದೊಡ್ಡ ಅಳತೆಯಲ್ಲಿ ನೋಡಬೇಕು. 10 ವೋಲ್ಟಿಗಿಂತ ಹೆಚ್ಚು ಕಂಡುಬಂದರೆ ಅಲ್ಲಿಗೇ ನಿಲ್ಲಿಸಿ, ರಾಸುಗಳನ್ನು ಹೊರಗೆ ಕಟ್ಟಿ, ಪರವಾನಗಿ ಇರುವ ವೈರ್‌ಮನ್‌ನನ್ನು ಕರೆಯಿರಿ. ಅದು ಹಾಲಿನ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ಹಸು ಎಲ್ಲಿ ಬಾಯಿ ಹಾಕುತ್ತದೆ, ಎಲ್ಲಿ ಕಾಲಿಡುತ್ತದೆ ಎಂದು ನೋಡಿ ಆ ಎರಡು ಜಾಗಗಳ ನಡುವೆಯೇ ಅಳೆಯಬೇಕು. ಮೀಟರಿನ ಒಂದು ತಂತಿಯನ್ನು ತೊಟ್ಟಿಯ ಕಬ್ಬಿಣದ ಕೊಳಾಯಿಗೆ, ತುಕ್ಕು ಕೆರೆದು, ಕ್ಲಿಪ್‌ನಿಂದ ಹಿಡಿಸಿರಿ. ಇನ್ನೊಂದನ್ನು ಅಂಗೈ ಅಗಲದ ಲೋಹದ ತಗಡಿಗೆ ಹಿಡಿಸಿರಿ. ತಗಡನ್ನು ಹಸುವಿನ ಹಿಂಗಾಲು ನಿಲ್ಲುವ ಕಡೆ ಉಪ್ಪು ನೀರಿನಿಂದ ನೆನೆಸಿದ ಬಟ್ಟೆಯ ಮೇಲಿಟ್ಟು ಅದರ ಮೇಲೊಂದು ಕಲ್ಲು ಹೇರಬೇಕು. ಮೊಳೆಯೊಂದನ್ನು ನೆಲಕ್ಕೆ ಚುಚ್ಚಿ ಅಳೆದರೆ ಹಸುವಿನ ಕಾಲು ಕಂಡದ್ದನ್ನು ಮೀಟರು ಕಾಣುವುದಿಲ್ಲ.

ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 1 ಕೋಟಿ ಓಮ್. ಇದರಿಂದ ಅದಕ್ಕೆ ಒಂದು ದುರ್ಗುಣವೂ ಬಂದಿದೆ. ಪಕ್ಕದಲ್ಲಿ ಹಾದುಹೋದ ವೈರಿನ ಪ್ರಭಾವದಿಂದಲೇ ಅದು ನಾಲ್ಕಾರು ವೋಲ್ಟ್ ತೋರಿಸಿಬಿಡುತ್ತದೆ. ಅದರಲ್ಲಿ ಹಸುವನ್ನು ಕಾಡುವ ಶಕ್ತಿಯೇ ಇರುವುದಿಲ್ಲ. ಆದ್ದರಿಂದ ಮೀಟರಿನ ಎರಡು ತಂತಿಗಳ ನಡುವೆ ಹಸುವಿನ ಬದಲಿಗೆ ನಿಲ್ಲುವಂತೆ 500 ಓಮ್ ರೆಸಿಸ್ಟರ್ ಒಂದನ್ನು ಅಡ್ಡಲಾಗಿ ಹಾಕಬೇಕು. ರೇಡಿಯೋ ರಿಪೇರಿ ಅಂಗಡಿಯಲ್ಲಿ ಸರಿಯಾಗಿ 500 ಓಮ್ ಸಿಗದಿದ್ದರೆ 1,000 ಓಮ್‌ನ ಎರಡನ್ನು ಅಕ್ಕಪಕ್ಕ ಜೋಡಿಸಿದರೆ 500 ಆಗುತ್ತದೆ. ಅದನ್ನು ಹಾಕಿದಾಗ ವೋಲ್ಟ್ ಮಾಯವಾದರೆ ಅದು ಹುಸಿ. ಉಳಿದರೆ ನಿಜ. 10 ವೋಲ್ಟ್ ಮೀರಿದ ಕಡೆ ಮಾತ್ರ ಇದನ್ನು ಹಾಕಲೇಬಾರದು. 230 ವೋಲ್ಟ್ ತಗುಲಿದರೆ 100 ವ್ಯಾಟಿನ ಬಲ್ಬಿನಷ್ಟು ಶಾಖವಾಗಿ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಡಿ.ಸಿ. ಅಳತೆಯಲ್ಲಿ ಇಟ್ಟು ಗಾಬರಿಯಾಗುವವರೂ ಇದ್ದಾರೆ. ಎರಡು ಬೇರೆ ಬೇರೆ ಲೋಹಗಳ ನಡುವೆ ಗಂಜಳ ಬಿದ್ದರೆ ಬ್ಯಾಟರಿಯಂತೆ ಅರ್ಧ ವೋಲ್ಟ್ ತಾನೇ ಹುಟ್ಟುತ್ತದೆ. ಅದಕ್ಕೂ ಲೈನಿಗೂ ಸಂಬಂಧವಿಲ್ಲ.

ಮೀಟರು ಕಂಪ್ಯೂಟರಿಗೆ ಹೇಳುವುದು ಹೇಗೆ?

ಸೀರಿಯಲ್ ಎಂದರೆ ಸಾಲಾಗಿ ಎಂದರ್ಥ. ಹಾಲು ಹಾಕಲು ಜನ ಒಬ್ಬರ ಹಿಂದೆ ಒಬ್ಬರು ಬರುವಂತೆ, ಅಂಕಿಗಳು ಒಂದೇ ತಂತಿಯಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ಆರ್.ಎಸ್.-232 ಎಂಬುದು ಈ ಜೋಡಣೆಯ ಹೆಸರು. ಕಂಪ್ಯೂಟರಿನ ಹಿಂದೆ 9 ಪಿನ್ನುಗಳ ಕನೆಕ್ಟರ್ ಇರುತ್ತದೆ. 2ನೆಯ ಪಿನ್ನಿನಲ್ಲಿ ಕಂಪ್ಯೂಟರು ಕೇಳಿಸಿಕೊಳ್ಳುತ್ತದೆ, 3ನೆಯದರಲ್ಲಿ ಮಾತನಾಡುತ್ತದೆ, 5ನೆಯದು ಎರಡಕ್ಕೂ ಸಮಾನ ತಂತಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇದು ಇರುವುದಿಲ್ಲ. ಯು.ಎಸ್.ಬಿ.ಗೆ ಚುಚ್ಚುವ ಪರಿವರ್ತಕ ಕೇಬಲ್ ಕೊಳ್ಳಬೇಕಾಗುತ್ತದೆ.

ಇಬ್ಬರೂ ಒಂದೇ ವೇಗದಲ್ಲಿ, ಒಂದೇ ಕ್ರಮದಲ್ಲಿ ಮಾತನಾಡಬೇಕು. ಮೆಟೆಕ್ಸ್ ಹೆಸರಿನ ಹಳೆಯ ಮೀಟರುಗಳನ್ನು ಉದಾಹರಣೆಗೆ ತೆಗೆದುಕೊಳ್ಳಿ. ಸೆಕೆಂಡಿಗೆ 1200 ಬಿಟ್ ವೇಗ, ಅಕ್ಷರಕ್ಕೆ 7 ಬಿಟ್, ಕೊನೆಯಲ್ಲಿ 2 ನಿಲುಗಡೆ ಬಿಟ್, ಪ್ಯಾರಿಟಿ ಇಲ್ಲ. ಕಂಪ್ಯೂಟರು "ಡಿ" ಎಂಬ ಒಂದು ಇಂಗ್ಲಿಷ್ ಅಕ್ಷರ ಕಳುಹಿಸಿದರೆ ಮೀಟರು 14 ಅಕ್ಷರಗಳ ಉತ್ತರ ಕೊಡುತ್ತದೆ. ಅದರಲ್ಲಿ ಎ.ಸಿ.ಯೋ ಡಿ.ಸಿ.ಯೋ ಎಂಬುದು, ಅಂಕಿ, ಕೊನೆಗೆ ಮಾನ ಇರುತ್ತವೆ. ಆರಂಭದ ಬಿಟ್ ಸೇರಿ ಅಕ್ಷರಕ್ಕೆ 10 ಬಿಟ್ ಎಂದರೆ 14 ಅಕ್ಷರಕ್ಕೆ 140 ಬಿಟ್. ಒಂದು ಸೆಕೆಂಡಿನ ಎಂಟನೇ ಒಂದು ಭಾಗಕ್ಕಿಂತಲೂ ಕಡಿಮೆ ಸಮಯ. ಬೇರೆ ತಯಾರಿಕೆಯ ಕೆಲವು ಮೀಟರುಗಳು ಕೇಳದೆಯೇ ಸದಾ ಹೇಳುತ್ತಿರುತ್ತವೆ. ಯಾವುದೇ ಇರಲಿ, ಕೈಪಿಡಿಯ ಹಿಂದಿನ ಪುಟದಲ್ಲಿ ಈ ವಿವರ ಇರುತ್ತದೆ, ಅದನ್ನು ಎಸೆಯಬೇಡಿರಿ. ವೇಗ ಹೊಂದದಿದ್ದರೆ ತೆರೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಮೀಟರು ಕೆಟ್ಟಿದೆ ಎಂದುಕೊಳ್ಳಬೇಡಿ.

ಒಳ್ಳೆಯ ಮೀಟರುಗಳಲ್ಲಿ ಅಳತೆಯ ಭಾಗಕ್ಕೂ ಕಂಪ್ಯೂಟರಿನ ಕಡೆಯ ಭಾಗಕ್ಕೂ ತಂತಿಯ ಸಂಪರ್ಕವೇ ಇರುವುದಿಲ್ಲ. ಒಂದು ಸಣ್ಣ ದೀಪ ಮಿನುಗುತ್ತದೆ, ಎದುರಿನ ಕಣ್ಣು ಅದನ್ನು ಓದುತ್ತದೆ. ಕೊಟ್ಟಿಗೆಯಲ್ಲಿ 230 ವೋಲ್ಟ್ ಬಂದರೂ ಅದು ಕಂಪ್ಯೂಟರಿಗಾಗಲೀ ಅದನ್ನು ಮುಟ್ಟಿದವರಿಗಾಗಲೀ ದಾಟುವುದಿಲ್ಲ. ಈ ಏರ್ಪಾಡು ಇಲ್ಲದ ಮೀಟರನ್ನು ಇಂಥ ಕೆಲಸಕ್ಕೆ ಹಚ್ಚಲೇಬೇಡಿರಿ. ಆ ಕಣ್ಣಿಗೆ ಬೇಕಾದ ಅಲ್ಪ ವಿದ್ಯುತ್ತು ಎಷ್ಟೋ ಮೀಟರುಗಳಲ್ಲಿ ಕಂಪ್ಯೂಟರಿನ ಬೇರೆ ಎರಡು ಪಿನ್ನುಗಳಿಂದ ಬರುತ್ತದೆ. ಪ್ರೋಗ್ರಾಂ ಅವನ್ನು ಸರಿಯಾಗಿ ಎಬ್ಬಿಸದಿದ್ದರೆ ಮೀಟರು ಮೂಕವಾಗಿ ಕುಳಿತಿರುತ್ತದೆ. ನಮ್ಮ ಹುಡುಗ ಅರ್ಧ ದಿನ ತಿಣುಕಿದ್ದು ಇಲ್ಲಿಯೇ.

ಮೊದಲ ಎರಡು ರಾತ್ರಿ ಹಾಳಾದದ್ದು

5 ಸೆಕೆಂಡಿಗೊಮ್ಮೆ ಮೀಟರನ್ನು ಕೇಳಿ, ದಿನಾಂಕ, ವೇಳೆ, ಅಂಕಿಯನ್ನು ಒಂದು ಸಾಲಾಗಿ ಬರೆಯುವಂತೆ ಆತ ಸಣ್ಣ ಪ್ರೋಗ್ರಾಂ ಮಾಡಿಕೊಟ್ಟ. 24 ಗಂಟೆಗೆ 17,280 ಸಾಲು. ಮೀಟರು, ಕಂಪ್ಯೂಟರು ಎರಡನ್ನೂ ರಾಸುಗಳಿಗೆ ಎಟುಕದಂತೆ ಒಣ ಹಲಗೆಯ ಮೇಲಿಟ್ಟೆವು.

ಮೊದಲ ರಾತ್ರಿಯ ದಾಖಲೆ ಅರ್ಧ ಗಂಟೆಗೇ ನಿಂತಿತ್ತು. ಬ್ಯಾಟರಿ ಉಳಿಸಲು ಮೀಟರು ತಾನೇ ಆರಿಹೋಗುವ ಏರ್ಪಾಡನ್ನು ನಾವು ತೆಗೆದಿರಲಿಲ್ಲ. ಎರಡನೆಯ ರಾತ್ರಿಯ ದಾಖಲೆಯಲ್ಲಿ ಒಂದು ಕಡೆ 180, ಸ್ವಲ್ಪ ಕೆಳಗೆ 3.6 ಎಂದಿತ್ತು. 180 ವೋಲ್ಟ್ ಕಂಡು ನನಗೆ ಬೆವರು ಬಂತು. ನೋಡಿದರೆ ಮೀಟರು ತಾನೇ ಅಳತೆ ಬದಲಿಸಿಕೊಳ್ಳುವ ಜಾತಿಯದು. 180 ಎಂದದ್ದು ಮಿಲಿ ವೋಲ್ಟ್, ಅಂದರೆ 0.18 ವೋಲ್ಟ್. ಪ್ರೋಗ್ರಾಂ ಅಂಕಿಯನ್ನು ಮಾತ್ರ ಇಟ್ಟುಕೊಂಡು ಮಾನವನ್ನು ಬಿಟ್ಟುಬಿಟ್ಟಿತ್ತು. ಲೀಟರ್ ಎಂದೋ ಮಿಲಿ ಲೀಟರ್ ಎಂದೋ ಬರೆಯದ ಹಾಲಿನ ಚೀಟಿಯಂತೆ ಅದು. ಅಳತೆಯನ್ನು ಒಂದೇ ಮಟ್ಟಕ್ಕೆ ನಿಲ್ಲಿಸಿ, ಮಾನವನ್ನೂ ಸಾಲಿನಲ್ಲಿ ಬರೆಯುವಂತೆ ತಿದ್ದಿದೆವು. ಕಂಪ್ಯೂಟರಿನ ಗಡಿಯಾರವನ್ನು ಕೈಗಡಿಯಾರಕ್ಕೆ ಹೊಂದಿಸಿದೆವು. ಇದು ಸಣ್ಣ ಮಾತಲ್ಲ. ಇಡೀ ಪತ್ತೇದಾರಿಕೆ ನಿಂತಿರುವುದೇ ವೇಳೆಯ ಮೇಲೆ.

ದಾಖಲೆ ಹೇಳಿದ್ದು

ಮೂರನೆಯ ದಿನದ ದಾಖಲೆ ಪೂರ್ತಿ ಬಂತು. ಹಗಲೆಲ್ಲ 0.1, 0.2 ವೋಲ್ಟ್. ಸಂಜೆ 4 ಗಂಟೆ 12 ನಿಮಿಷಕ್ಕೆ ಒಮ್ಮೆಗೇ 3.6 ವೋಲ್ಟ್. 7 ಗಂಟೆಯವರೆಗೆ ಅಲ್ಲಿಯೇ ನಿಂತು, ಒಮ್ಮೆಗೇ ಕೆಳಗೆ. ಮತ್ತೆ ನಡುರಾತ್ರಿ ಮೂರು ಗಂಟೆ ಕಾಲ ಹಾಗೆಯೇ. 3.6ನ್ನು 500 ಓಮ್‌ನಿಂದ ಭಾಗಿಸಿದರೆ 7.2 ಮಿಲಿ ಆಂಪಿಯರ್. ತೊಟ್ಟಿಗೆ ಬಾಯಿ ಹಾಕಿದ ಪ್ರತಿ ಹಸುವಿಗೂ ಇದು ಹೊಡೆಯುತ್ತಿತ್ತು.

ಕಾಗದವನ್ನು ಸದಸ್ಯರ ಕೈಗೆ ಕೊಟ್ಟೆ. ವೇಳೆ ನೋಡಿದ ಕೂಡಲೇ ಅವರು, "ಇದು ತ್ರೀ ಫೇಸ್ ಕೊಡೋ ಟೈಮು ಸಾರ್, ಮೋಟಾರು ತಾನಾಗೇ ಆನ್ ಆಯ್ತದೆ" ಎಂದರು. ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಇತ್ತು. ಆ ಊರಿನಲ್ಲಿ ತ್ರೀ ಫೇಸ್ ಪಾಳಿ ವಾರಕ್ಕೊಮ್ಮೆ ಬದಲಾಗುತ್ತಿತ್ತು. ಪಾಳಿ ಮಧ್ಯಾಹ್ನಕ್ಕೆ ಬಿದ್ದ ವಾರ ಹಾಲು ಸರಿ, ಸಂಜೆಗೆ ಬಿದ್ದ ವಾರ ಹಾಲು ಕಡಿಮೆ. ಎರಡು ತಿಂಗಳ ಕಾಲ ನನ್ನ ಔಷಧಿಗೆ ಸಿಕ್ಕ ಹೊಗಳಿಕೆಯೆಲ್ಲ ವಾಸ್ತವವಾಗಿ ಪಾಳಿ ಬದಲಾವಣೆಗೆ ಸಲ್ಲಬೇಕಾದದ್ದು.

ಮುಂದಿನ ಪರೀಕ್ಷೆ ಸುಲಭ. ಮೋಟಾರು ಓಡುತ್ತಿರುವಾಗ ಮನೆ ಮತ್ತು ಕೊಟ್ಟಿಗೆಯ ಮೇನ್ ಸ್ವಿಚ್ ಆರಿಸಿ ಮೀಟರು ನೋಡಬೇಕು. ವೋಲ್ಟ್ ಬಿದ್ದರೆ ತಪ್ಪು ಕೊಟ್ಟಿಗೆಯ ವೈರಿಂಗಿನಲ್ಲಿದೆ, ಉಳಿದರೆ ಹೊರಗಿನಿಂದ ಬರುತ್ತಿದೆ. ಇಲ್ಲಿ ಉಳಿಯಿತು. ಮೋಟಾರು ಆರಿಸಿದಾಗ ಬಿತ್ತು. ವೈರ್‌ಮನ್ ಬಂದು ಬಿಚ್ಚಿ ನೋಡಿದರೆ, ಬೋರ್‌ವೆಲ್ ಬಾಯಲ್ಲಿ ಮೋಟಾರಿನ ಕೇಬಲ್ ಕೇಸಿಂಗ್ ಪೈಪಿನ ಅಂಚಿಗೆ ಉಜ್ಜಿ ಸಿಪ್ಪೆ ಸವೆದಿತ್ತು. ಸ್ಟಾರ್ಟರ್ ಪೆಟ್ಟಿಗೆಯ ಅರ್ತ್ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಸೋರಿದ ಕರೆಂಟು ಕಬ್ಬಿಣದ ಪೈಪಿನಲ್ಲಿ ಬಂದು ನೀರಿನ ತೊಟ್ಟಿಯನ್ನು ತಲುಪುತ್ತಿತ್ತು. ಸಿಪ್ಪೆ ಇನ್ನಷ್ಟು ಸವೆದು ಒಳಗಿನ ತಾಮ್ರವೇ ಪೈಪಿಗೆ ತಗುಲಿದ್ದರೆ 3.6 ಎಂಬ ಅಂಕಿ 36 ಆಗಲು, 136 ಆಗಲು ಒಂದು ಕ್ಷಣ ಸಾಕಿತ್ತು. ಬರಿಗಾಲಿನಲ್ಲಿ ನಿಂತು ಆ ನಲ್ಲಿ ತಿರುಗಿಸುತ್ತಿದ್ದವರು ಯಾರೆಂದು ತಮಗೆ ನೆನಪಿರಬಹುದು. ಅವರಿಗೆ "ಏನೂ ಇಲ್ಲಮ್ಮ" ಎಂದದ್ದು ನನಗೆ ಇಂದಿಗೂ ಚುಚ್ಚುತ್ತದೆ.

ಕೇಬಲ್ ಬದಲಾಯಿಸಿ, ಇದ್ದಲು ಉಪ್ಪು ತುಂಬಿದ ಹೊಸ ಅರ್ತ್ ಗುಂಡಿ ಮಾಡಿ, ಕೊಟ್ಟಿಗೆಗೂ ಪಂಪಿಗೂ 30 ಮಿಲಿ ಆಂಪಿಯರ್ ಸೋರಿಕೆಗೇ ಕಡಿದುಹೋಗುವ ಬ್ರೇಕರ್ ಹಾಕಿದರು. ಜನ ಇದನ್ನು ಇ.ಎಲ್.ಸಿ.ಬಿ. ಎನ್ನುತ್ತಾರೆ, ಅಂಗಡಿಯಲ್ಲಿ ಈಗ ಆರ್.ಸಿ.ಸಿ.ಬಿ. ಎಂದು ಕೇಳಬೇಕು. ಮತ್ತೊಂದು ಸಂಜೆ ಮೀಟರು ಹಚ್ಚಿ ದಾಖಲಿಸಿದೆವು. ಮೋಟಾರು ಓಡುವಾಗಲೂ 0.1 ವೋಲ್ಟ್. ಹಸುಗಳು ಭಯ ಬಿಡಲು ಎರಡು ವಾರ ಹಿಡಿಯಿತು. ಆಮೇಲೆ ಸಂಜೆಯ ಫ್ಯಾಟ್ ಬೆಳಗಿನದನ್ನು ದಾಟಿತು.

ಕೆಲವು ಎಚ್ಚರಿಕೆಗಳು

ನ್ಯೂಟ್ರಲ್ ಸಿಗದಿದ್ದಾಗ ಅರ್ತ್ ತಂತಿಯನ್ನೇ ನ್ಯೂಟ್ರಲ್ ಮಾಡಿಕೊಂಡು ಮೇವು ಕತ್ತರಿಸುವ ಯಂತ್ರ ಓಡಿಸುವ ರೂಢಿ ಕೆಲವೆಡೆ ಇದೆ. ಆಗ ಯಂತ್ರದ ಕರೆಂಟೆಲ್ಲ ನೆಲದ ಮೂಲಕವೇ ಹಿಂದಿರುಗುತ್ತದೆ. ತಮ್ಮ ಹಸು ಮಾತ್ರವಲ್ಲ, ಪಕ್ಕದ ಮನೆಯ ಹಸುವೂ ಒದ್ದಾಡುತ್ತದೆ. ಕರೆಂಟು ಸೋರುವ ನೆಲದಲ್ಲಿ ಜಾನುವಾರುಗಳೇ ಹೆಚ್ಚು ಸಾಯುವುದಕ್ಕೆ ಕಾರಣ, ಅವುಗಳ ಮುಂಗಾಲಿಗೂ ಹಿಂಗಾಲಿಗೂ ಇರುವ ದೂರ. ದೂರ ಹೆಚ್ಚಿದಷ್ಟೂ ಎರಡು ಕಾಲುಗಳ ನಡುವಿನ ವೋಲ್ಟ್ ಹೆಚ್ಚು, ನಡುವೆ ಹೃದಯವೂ ಇದೆ. ಮಳೆಗಾಲದಲ್ಲಿ ವಿದ್ಯುತ್ ಕಂಬಕ್ಕೂ ಅದರ ಗೈ ತಂತಿಗೂ ರಾಸು ಕಟ್ಟಬೇಡಿರೆಂದು ನಾವು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಪೈಪಿನ ನಡುವೆ ಒಂದು ಗಜ ಪ್ಲಾಸ್ಟಿಕ್ ಪೈಪು ಸೇರಿಸಿದರೆ ತೊಟ್ಟಿಗೆ ಬರುವ ಕರೆಂಟು ಬಹುಮಟ್ಟಿಗೆ ತಗ್ಗುತ್ತದೆ ನಿಜ. ಸೋರಿಕೆ ಮಾತ್ರ ಇದ್ದಲ್ಲೇ ಇರುತ್ತದೆ. ಅದನ್ನು ದುರಸ್ತಿ ಎಂದು ಕರೆಯಲಾಗದು.

ಮೀಟರಿಗೂ ಮಿತಿಯಿದೆ. ಅದು ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಳೆಯುತ್ತದೆ. ವಿದ್ಯುತ್ ಬೇಲಿ ಸರಿಸುಮಾರು ಸೆಕೆಂಡಿಗೊಮ್ಮೆ ಕೊಡುವ ಹೊಡೆತ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕದು, ದಾಖಲೆಯಲ್ಲಿ ಅದು ಕಾಣಿಸುವುದಿಲ್ಲ. ಬೇಲಿಯ ಮೇಲೆ ಅನುಮಾನವಿದ್ದರೆ ಅದನ್ನು ಒಂದು ದಿನ ಆರಿಸಿಟ್ಟು ಹಸುಗಳನ್ನೇ ಗಮನಿಸಿರಿ.

ಹಾಗೆಂದು ಹಾಲು ಕಡಿಮೆಯಾದದ್ದಕ್ಕೆಲ್ಲ ಕರೆಂಟನ್ನು ದೂರುವುದೂ ಬೇಡ. ಕೆಚ್ಚಲು ಬಾವು, ಮೇವಿನ ಕೊರತೆ, ಬೇಸಿಗೆಯ ಝಳ ಇವೇ ಹೆಚ್ಚು ಸಲ ಕಾರಣ. ಒಂದೇ ಹಸು ಹಾಲು ಇಳಿಸಿದ್ದರೆ ಮೊದಲು ಆ ಹಸುವನ್ನೇ ಪರೀಕ್ಷೆ ಮಾಡಿಸಿರಿ.

ಅನುಮಾನವಿರುವ ಸದಸ್ಯರು 15 ದಿನಗಳ ಹಾಲಿನ ಚೀಟಿಗಳನ್ನು ಬೆಳಿಗ್ಗೆ, ಸಂಜೆ ಎಂದು ಬೇರೆ ಮಾಡಿ ಇಟ್ಟುಕೊಳ್ಳಿರಿ. ಆ ದಿನಗಳಲ್ಲಿ ತ್ರೀ ಫೇಸ್ ಎಷ್ಟು ಹೊತ್ತಿಗೆ ಬಂತು, ಎಷ್ಟಕ್ಕೆ ಹೋಯಿತು ಎಂಬುದನ್ನು ಚೀಟಿಯ ಹಿಂದೆಯೇ ಬರೆಯಿರಿ. ಹಾಲು ಕರೆಯುವವರಿಗೆ ಕೈಕಾಲು ಜುಮ್ಮೆಂದ ದಿನವನ್ನೂ ಗುರುತು ಹಾಕಿರಿ. ಜುಮ್ಮೆಂದರೆ ಮಾತ್ರ ನಮಗಾಗಿ ಕಾಯದೆ ಅಂದೇ ವೈರ್‌ಮನ್‌ನನ್ನು ಕರೆಸಿ, ಅವರು ನೋಡಿ ಹೋಗುವವರೆಗೆ ಹಸುಗಳಿಗೆ ಬಕೆಟ್ಟಿನಲ್ಲಿ ಬೇರೆ ಕಡೆಯಿಂದ ನೀರು ತಂದು ಕುಡಿಸಿರಿ.